ಸೊಲ್ಲಾಪುರ ರಸ್ತೆಯಲ್ಲಿ ಸ್ಪೀಕರ್ ಆರಿಸಿದ್ದು

ನನ್ನ ಕಿವಿ ಬಹಳ ಚುರುಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದೆ ಗತಿಯೂ ಇರಲಿಲ್ಲ, ಏಕೆಂದರೆ ದಿನಕ್ಕೆ ಹತ್ತು ಸಲ ನಾನೇ ಅದನ್ನು ಹೇಳಿಕೊಳ್ಳುತ್ತಿದ್ದೆ. ತಬಲಾ ಶ್ರುತಿಗೆ ಕೂತಿಲ್ಲ, ಹಾರ್ಮೋನಿಯಂ ಪೇಟಿಯ ಒಂದು ಸ್ವರ ಇಳಿದಿದೆ, ತಾಳ ಹಿಂದೆ ಬೀಳುತ್ತಿದೆ ಎಂದು ಕೂತಲ್ಲಿಂದಲೇ ತೀರ್ಪು ಕೊಡುತ್ತಿದ್ದೆ. ನನಗೆ ಒಂದು ಸಾಲು ನೆಟ್ಟಗೆ ಹಾಡಲು ಬರುವುದಿಲ್ಲ. ಹಾಗಿದ್ದರೂ ಈ ಅಧಿಕಾರ ನನಗೆ ಯಾರು ಕೊಟ್ಟರೆಂದು ಯಾರೂ ಕೇಳಲಿಲ್ಲ.

ಹಾಡುವವಳು ನನ್ನ ಹೆಂಡತಿ. ಬಬಲೇಶ್ವರದ ಕಡೆಯ ಸಾರವಾಡ ಅವಳ ತವರು. ಅವಳ ಅಪ್ಪ ಊರಿನ ಭಜನಾ ಮೇಳದಲ್ಲಿ ಪೇಟಿ ನುಡಿಸುತ್ತಿದ್ದರು, ಇವಳು ಸಣ್ಣವಳಿದ್ದಾಗಿನಿಂದ ಅವರ ಮಗ್ಗುಲಲ್ಲೇ ಕೂತು ತತ್ವಪದ ಕಲಿತವಳು. ಮದುವೆಯಾಗಿ ವಿಜಯಪುರದ ನಮ್ಮ ಮನೆಗೆ ಬಂದ ಮೇಲೂ ಪ್ರತಿ ಸೋಮವಾರ ಸಂಜೆ ಪೇಟಿ ಇಟ್ಟುಕೊಂಡು ಹಾಡುತ್ತಿದ್ದಳು. ಓಣಿಯ ಐದಾರು ಹೆಂಗಸರು ಬಂದು ಕೂಡುತ್ತಿದ್ದರು. ನಾನು ತಿಕೋಟಾದ ದ್ರಾಕ್ಷಿ ತೋಟದಿಂದ ಮೋಟರ್ ಸೈಕಲ್ ಮೇಲೆ ಬಂದು, ಕೈಕಾಲು ತೊಳೆದು, ಚಹಾದ ಕಪ್ಪು ಹಿಡಿದು ಗೋಡೆಗೆ ಒರಗಿ ತಪ್ಪು ಹುಡುಕುತ್ತಿದ್ದೆ.

ಐದಾರು ವರ್ಷದ ಹಿಂದೆ ಅವಳ ದನಿ ನನಗೆ ಮಬ್ಬಾಗಿ ಕೇಳತೊಡಗಿತು. ಸ್ವರ ಸರಿಯಿದೆ, ತಾಳ ಸರಿಯಿದೆ, ಆದರೆ ಮಾತಿನ ಅಂಚು ಸವೆದುಹೋಗಿದೆ, ಮೊದಲಿನ ಆ ಹೊಳಪು ಇಲ್ಲ. ಬಹಳ ದಿನ ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಮಟ್ಟಿಗೆ ದೊಡ್ಡ ತಪಸ್ಸು. ಕೊನೆಗೆ ಸಾರವಾಡದಲ್ಲಿ ಅವಳ ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ, ಬೀಗರು ನೆಂಟರೆಲ್ಲ ಕೂತಿದ್ದಾಗ, ಅವಳು ತೊಟ್ಟಿಲ ಪದ ಮುಗಿಸಿದ ಕೂಡಲೇ ಹೇಳಿಬಿಟ್ಟೆ.

"ನಿನ್ನ ದನಿ ಮೊದಲಿನಂಗ ಉಳದಿಲ್ಲ. ಮಬ್ಬಾಗೈತಿ. ಇನ್ನ ಸಾಕು ಮಾಡು."

ಅವಳು ಪೇಟಿ ಮುಚ್ಚಿ ಎದ್ದು ಒಳಗೆ ಹೋದಳು. ಜಗಳ ತೆಗೆಯಲಿಲ್ಲ, ಮುಖವನ್ನೂ ಗಂಟು ಹಾಕಿಕೊಳ್ಳಲಿಲ್ಲ. ಮುಂದಿನ ಸೋಮವಾರ ಬಂದ ಹೆಂಗಸರಿಗೆ ಗಂಟಲು ಸರಿಯಿಲ್ಲ ಎಂದಳು. ಅದರ ಮುಂದಿನ ಸೋಮವಾರವೂ ಹಾಗೇ ಅಂದಳು. ಆಮೇಲೆ ಅವರು ಬರುವುದೇ ನಿಂತಿತು. ಪೇಟಿ ಹಳೆಯ ಸೀರೆ ಸುತ್ತಿಕೊಂಡು ಕಪಾಟಿನ ಮೇಲೆ ಹೋಯಿತು. ನಾನು ಇದ್ದದ್ದನ್ನು ಹೇಳಿದೆ, ಅವಳು ತಿಳಿದುಕೊಂಡಳು ಎಂದು ಸಮಾಧಾನವಾಗಿದ್ದೆ.

ಹೋದ ವರ್ಷ ಮಗಳು ಮಾತು ಎತ್ತಿದಳು. ಬಬಲೇಶ್ವರಕ್ಕೆ ಕೊಟ್ಟಿದ್ದೇವೆ, ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದುಹೋಗುತ್ತಾಳೆ. ಅವಳಿಗೆ ಫೋನಿನಲ್ಲಿ ಕರೋಕೆ ಹಾಡುವ ಹುಚ್ಚು ಹಿಡಿದಿತ್ತು. ಹಾಡಿನ ಸಂಗೀತವಷ್ಟೇ ಬರುತ್ತದೆ, ದನಿ ನಾವು ಕೂಡಿಸಬೇಕು. ಅವ್ವನ ಹಾಡು ಕೇಳಿ ನಾಲ್ಕು ವರ್ಷವಾಯಿತು, ಒಂದು ಒಳ್ಳೆಯ ಸ್ಪೀಕರ್ ತಂದುಕೊಡು, ಕರೋಕೆಗೂ ಆಗುತ್ತದೆ, ಪೇಟಿ ತಬಲಾ ಇಟ್ಟುಕೊಂಡು ಹಾಡಲಿಕ್ಕೂ ಆಗುತ್ತದೆ ಎಂದು ಗಂಟು ಬಿದ್ದಳು. ನನಗೂ ವಿಚಾರ ಹಿಡಿಸಿತು. ಸೋಮವಾರ ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಅವಳು ಮತ್ತೆ ಹಾಡಬೇಕೆಂಬ ಆಸೆ ನನಗೆ ನಿಜವಾಗಿಯೂ ಇತ್ತು. ಸ್ಪೀಕರಿನಲ್ಲಿ ಚೂಪು ದನಿ ಏರಿಸುವ ತಿರುಗಣಿ ಇರುತ್ತದಲ್ಲ, ಅದನ್ನು ತಿರುಗಿಸಿ ಹೆಂಡತಿಯ ದನಿಗೆ ಹೋದ ಹೊಳಪನ್ನು ಮರಳಿ ಕೊಡಿಸಬಹುದು ಎಂದು ಲೆಕ್ಕ ಹಾಕಿದೆ. ಹೋದ ದನಿಗೆ ಸ್ಪೀಕರ್ ಯಾಕೆ ಎಂದು ಅವಳು ಬೇಡವೆಂದಳು. ನಾನು ಬಿಡಲಿಲ್ಲ.

ಸೊಲ್ಲಾಪುರ ರಸ್ತೆಯ ಒಂದು ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ಒಂದು ಬದಿಗೆ ಟ್ರೇಲರ್ ವೆಲ್ಡಿಂಗ್, ಇನ್ನೊಂದು ಬದಿಗೆ ಟೈರಿನ ಅಂಗಡಿ, ನಡುವೆ ಗಾಜಿನ ಬಾಗಿಲು ಹಾಕಿಕೊಂಡು ಅಂಗಡಿಯವನು ಸ್ಪೀಕರ್ ಮಾರುತ್ತಾನೆ. ಮೆರವಣಿಗೆಗೋ ಮದುವೆಗೋ ಎಂದು ಮೊದಲು ಕೇಳಿದ. ನಮ್ಮ ಕಡೆ ಸ್ಪೀಕರ್ ಪರೀಕ್ಷೆ ಮಾಡುವ ರೀತಿಯೇ ಬೇರೆ. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಬೇಸ್ ಹಾಕಿಸುತ್ತಾರೆ, ಎದೆ ನಡುಗಿದರೆ ಮಾಲು ಗಟ್ಟಿ ಎಂದು ಅರ್ಥ. ನಮಗೂ ಹದಿನೈದು ಇಂಚಿನದೊಂದನ್ನು ಹಾಕಿ ಬಾಗಿಲಿನ ಗಾಜು ನಡುಗಿಸಿದ. ನನಗೆ ಎದೆ ನಡುಗುವುದು ಬೇಡ, ಹೆಂಗಸು ಹಾಡುವುದು ಸ್ಪಷ್ಟ ಕೇಳಬೇಕು ಎಂದೆ. ಅವನ ಮುಖ ಅರಳಿತು. ಮೊದಲು ಮದುವೆ ಭಜನೆಗಳಲ್ಲಿ ಮೈಕು ನೋಡಿಕೊಳ್ಳುತ್ತಿದ್ದನಂತೆ, ಇಂಥ ಗಿರಾಕಿ ಅವನಿಗೆ ಅಪರೂಪ.

ಬೇರೆ ಆಂಪ್ಲಿಫೈಯರ್ ಪೆಟ್ಟಿಗೆ ಬೇಡ, ಅದು ಒಳಗೇ ಕೂತಿರುವ ಪವರ್ಡ್ ಸ್ಪೀಕರ್ ತಗೊಳ್ಳಿ ಎಂದ. ಪಡಸಾಲೆಗೆ ಎಂಟು ಇಂಚಿನದು ಸಾಕು, ಹೆಚ್ಚೆಂದರೆ ಹತ್ತು. ಹಾಡುವ ಮೈಕಿಗೆ ಒಂದು, ಪೇಟಿಯ ಮುಂದಿಡುವ ಮೈಕಿಗೆ ಇನ್ನೊಂದು ಜಾಗ ಇದೆಯೋ ನೋಡಿಕೊಳ್ಳಬೇಕು. ಕರೋಕೆಗೆ ಫೋನನ್ನು ವೈರಿನಿಂದಲೇ ಜೋಡಿಸಬೇಕು, ಬ್ಲೂಟೂತಿನಲ್ಲಾದರೆ ಪರದೆಯ ಮೇಲಿನ ಅಕ್ಷರ ಮುಂದೆ ಓಡಿ ಸಂಗೀತ ಹಿಂದೆ ಬೀಳುತ್ತದೆ. ನಾನು ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದೆ.

ಐದು ಸ್ಪೀಕರ್ ಸಾಲಾಗಿ ಇಟ್ಟ. ಹೆಂಡತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೈಕ್ ಹಿಡಿದು ಒಂದೊಂದಕ್ಕೂ ಅದೇ ಎರಡು ಸಾಲು ಹಾಡಿದಳು. ನಾಲ್ಕು ವರ್ಷದ ಮೇಲೆ ಹಾಡುತ್ತಿದ್ದಳು. ನಾನು ಒಂದನ್ನೂ ಒಪ್ಪಲಿಲ್ಲ. ದನಿಗೆ ಕೌದಿ ಹೊದಿಸಿದ ಹಾಗಿದೆ ಎಂದೆ. ಅಂಗಡಿಯವನು ಅಮ್ಮಾರ ದನಿ ಗಾಜಿನಷ್ಟು ಸ್ವಚ್ಛ ಬರುತ್ತಿದೆಯಲ್ಲ ಎಂದ. ನಾನು ನಕ್ಕೆ. ಮೂವತ್ತು ವರ್ಷದಿಂದ ಈ ದನಿ ಕೇಳುತ್ತಿದ್ದೇನೆ, ನನಗೆ ಕಲಿಸಬೇಡ ಎಂದೆ. ಹೆಂಡತಿ ಮೈಕು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕೂತಳು. ಮತ್ತೊಮ್ಮೆ ಹಾಡು ಎಂದು ಅವಳಿಗೆ ಹೇಳಿ, ನಾನೇ ಸ್ಪೀಕರಿನ ಹಿಂದೆ ಹೋಗಿ ಚೂಪು ದನಿಯ ತಿರುಗಣಿಯನ್ನು ಏರಿಸುತ್ತ ಹೋದೆ, ಕೊನೆಯ ತನಕ ಏರಿಸಿದೆ. ಆಗಷ್ಟೇ ಅವಳ ದನಿ ನನ್ನ ಹಳೆಯ ನೆನಪಿನ ಹತ್ತಿರ ಬಂದ ಹಾಗಾಯಿತು. ಖುಷಿಯಾಗಿ, ಈಗ ಬಂತು ನೋಡು ಎಂದು ಅವಳ ಕೈಯಿಂದ ಮೈಕು ತೆಗೆದುಕೊಂಡು ಸ್ಪೀಕರಿನ ಮುಂದೆ ನಿಂತೆ.

ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯಿಂದ ಎದ್ದಳು. ಅಂಗಡಿಯವನು ಗಲ್ಲಾ ಬಿಟ್ಟು ಓಡಿಬಂದ. ಟೈರಿನ ಅಂಗಡಿಯಿಂದ ಒಬ್ಬರು ಬಾಗಿಲು ತೆರೆದು ಏನಾಯಿತು ಎಂದು ಇಣುಕಿದರು. ನಾನು ಮಾತ್ರ ಮೈಕು ಹಿಡಿದು ನಗುತ್ತ ನಿಂತಿದ್ದೆ. ಇವರಿಗೆಲ್ಲ ಒಮ್ಮೆಲೇ ಏನು ಬಂತು ಎಂದು ಅರ್ಥವಾಗಲಿಲ್ಲ. ಅಂಗಡಿಯವನು ಮೈಕು ಕಸಿದುಕೊಂಡು ಆಫ್ ಮಾಡಿ ನನ್ನ ಮುಖವನ್ನೇ ನೋಡಿದ. ಮೈಕು ಸ್ಪೀಕರಿನ ಎದುರಿಗೆ ಬಂದರೆ ಕೂಗಿಕೊಳ್ಳುತ್ತದೆ, ಸಣ್ಣ ಮಕ್ಕಳೂ ಕಿವಿ ಮುಚ್ಚಿಕೊಳ್ಳುವಂಥ ಕಿರುಚು ಅದು ಎಂದ. ಯಾವ ಕಿರುಚು ಎಂದು ನಾನು ಕೇಳಿದೆ.

ಸ್ಪೀಕರ್ ರಿಪೇರಿಗೆ ಬಳಸುವ, ಒಂದೇ ಸಮನೆ ಶಿಳ್ಳೆ ಹೊಡೆಯುವ ಆ್ಯಪ್ ಅವನ ಫೋನಿನಲ್ಲಿತ್ತು. ಅದನ್ನು ಸ್ಪೀಕರಿಗೆ ಜೋಡಿಸಿ, ಕೇಳುವವರೆಗೆ ಇಬ್ಬರೂ ಕೈ ಎತ್ತಿ ಹಿಡೀರಿ ಕಾಕಾ ಎಂದ. ದಪ್ಪ ದನಿಯಿಂದ ಶುರುವಾಗಿ ಮೇಲೆ ಮೇಲೆ ಏರುತ್ತ ಹೋಯಿತು. ಶಿಳ್ಳೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ನಾನು ಕೈ ಇಳಿಸಿ, ಯಾಕೆ ಬಂದ್ ಮಾಡಿದೆ ಎಂದೆ.

"ಬಂದ್ ಮಾಡಿಲ್ಲರಿ ಕಾಕಾ," ಅಂದ. "ಇನ್ನೂ ಬರಾಕತ್ತೈತಿ."

ಹೆಂಡತಿಯ ಕಡೆ ತಿರುಗಿದೆ. ಅವಳ ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು.

ಅಂಗಡಿಯಲ್ಲಿ ಅಷ್ಟೊಂದು ಜನ ಇಲ್ಲದಿದ್ದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಅವನು ಮತ್ತೂ ಏರಿಸಿದ. ಅವಳ ಕೈ ಇಳಿಯಲಿಲ್ಲ. ಎಷ್ಟು ಹೊತ್ತು ನಿಂತಿದ್ದೆವೋ, ಆ ಹೊತ್ತೆಲ್ಲ ಆ ಕೋಣೆಯ ತುಂಬ ಒಂದು ದನಿ ಇತ್ತು, ನನ್ನೊಬ್ಬನಿಗೆ ಇರಲಿಲ್ಲ. ಇಂಥ ಗಾಬರಿ ನನ್ನ ಜೀವನದಲ್ಲಿ ಹಿಂದೆ ಆಗಿರಲಿಲ್ಲ. ಸ್ಪೀಕರ್ ಕೊಳ್ಳದೆಯೇ ಹೊರಗೆ ಬಂದೆವು.

ಎರಡು ದಿನ ಬಿಟ್ಟು ಕಿವಿ ಡಾಕ್ಟರ ಹತ್ತಿರ ಹೋದೆ. ಸಣ್ಣ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿದಾಗೊಮ್ಮೆ ಗುಂಡಿ ಒತ್ತಿಸಿ, ಒಂದು ಕಾಗದದ ಮೇಲೆ ಗೆರೆ ಎಳೆದರು. ಗೆರೆ ಅರ್ಧ ದಾರಿ ನೆಟ್ಟಗೆ ಬಂದು ಆಮೇಲೆ ಬಾವಿಗೆ ಬಿದ್ದ ಹಾಗೆ ಕೆಳಗೆ ಇಳಿದಿತ್ತು. ಏನು ಉದ್ಯೋಗ ಎಂದು ಕೇಳಿದರು. ದ್ರಾಕ್ಷಿ ತೋಟ, ಔಷಧ ನಾನೇ ಹೊಡೆಯುತ್ತೇನೆ ಎಂದೆ.

ಬಳ್ಳಿ ಸವರಿದ ದಿನದಿಂದ ಕಾಯಿ ಮಾಗುವ ತನಕ ಟ್ರ್ಯಾಕ್ಟರಿಗೆ ಬ್ಲೋವರ್ ಜೋಡಿಸಿಕೊಂಡು ಸಾಲು ಸಾಲಿಗೂ ಔಷಧ ಹೊಡೆಯಬೇಕು. ಆ ದೊಡ್ಡ ಪಂಕದ ಆರ್ಭಟ ಬೆನ್ನ ಹಿಂದೆಯೇ ಇರುತ್ತದೆ. ಮೂಗು ಬಾಯಿಗೆ ಎಲ್ಲರ ಹಾಗೆ ನಾನೂ ಟವೆಲ್ ಸುತ್ತಿಕೊಳ್ಳುತ್ತಿದ್ದೆ. ಕಿವಿ ಮಾತ್ರ ತೆರೆದೇ ಇಡುತ್ತಿದ್ದೆ. ಔಷಧ ಚಿಮ್ಮುವ ನಳಿಗೆಯೊಂದು ಕಟ್ಟಿಕೊಂಡರೆ ದನಿ ಬದಲಾಗುತ್ತದೆ, ಅದನ್ನು ಆ ಗದ್ದಲದಲ್ಲೂ ಗುರುತಿಸುವುದು ನನ್ನ ಹೆಮ್ಮೆ. ಅಕ್ಕಪಕ್ಕದ ತೋಟದವರು ಕರೆದು ತಮ್ಮ ಬ್ಲೋವರ್ ಕೇಳಿಸುತ್ತಿದ್ದರು. ಹತ್ತಿ ಇಟ್ಟುಕೋ ಎಂದವರಿಗೆ ನಾನು ಕಿವಿ ಮುಚ್ಚಿದರೆ ತೋಟ ಹಾಳಾಗುತ್ತದೆ ಎಂದು ಉತ್ತರ ಕೊಟ್ಟಿದ್ದೇನೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ನನ್ನ ಕೈಯಾರೆ ನನ್ನ ಕಿವಿ ಸುಟ್ಟುಕೊಂಡಿದ್ದೆ.

ಹೋದದ್ದು ಮರಳುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ, ಮಷಿನ್ ಹಾಕಿಕೊಂಡರೆ ಸ್ವಲ್ಪ ಅನುಕೂಲವಾಗುತ್ತದೆ ಎಂದರು ಡಾಕ್ಟರು. ಚೂಪು ದನಿಗಳೇ ಮೊದಲು ಹೋಗುತ್ತವೆ, ಹೆಂಗಸರ ಮಾತು ಮಬ್ಬಾಗಿ ಕೇಳುತ್ತದೆ, ಬಹಳ ಜನ ಎದುರಿನವರೇ ಸರಿಯಾಗಿ ಮಾತಾಡುತ್ತಿಲ್ಲ ಎಂದು ಬೈಯುತ್ತಾರೆ ಎಂದು ಅವರು ಸಹಜವಾಗಿ ಹೇಳಿದರು. ಮಬ್ಬು ಎಂಬುದು ಸಾರವಾಡದಲ್ಲಿ ನಾನೇ ಆಡಿದ ಮಾತು. ಹೆಂಡತಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಹೋಗಿ ನಿಂತೆ. ನಿನ್ನ ದನಿಗೆ ಏನೂ ಆಗಿರಲಿಲ್ಲ, ತಪ್ಪು ನನ್ನದು ಎಂದೆ. ಅದು ಅಂಗಡಿಯಲ್ಲೇ ತಿಳಿಯಿತು ಎಂದಳು. ಆಮೇಲೆ ಲೋಟ ತೊಳೆದಿಟ್ಟು ನನಗೆ ಗೊತ್ತಿರದ ಒಂದು ಸಂಗತಿ ಹೇಳಿದಳು. ಆ ತೊಟ್ಟಿಲ ಕಾರ್ಯದ ಮರುವಾರವೇ ತನ್ನ ತಂಗಿಯನ್ನು ಜೊತೆಗೆ ಕರೆದುಕೊಂಡು ಗಂಟಲು ತೋರಿಸಲು ಹೋಗಿದ್ದಳಂತೆ. ಗಂಟಲಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಜ್ಯೇಷ್ಠಮಧು ಅಗಿದಿದ್ದಳಂತೆ. ನಾನು ತೋಟಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಒಂದೊಂದು ಸ್ವರ ಹಿಡಿದು ನೋಡುತ್ತಿದ್ದಳಂತೆ.

"ಡಾಕ್ಟರ್ ಏನೂ ಆಗಿಲ್ಲ ಅಂದಿದ್ರು," ಅಂದಳು. "ನಾ ಅವರ ಮಾತು ನಂಬಲಿಲ್ಲರಿ. ನಿಮ್ಮ ಮಾತು ನಂಬಿದೆ."

ಅಂಗಡಿಯಲ್ಲಿ ಆದ ಗಾಬರಿ ಇದರ ಮುಂದೆ ಏನೂ ಅಲ್ಲ. ನನ್ನ ಕಿವಿ ಹೋದದ್ದು ನನ್ನ ಪಾಡು. ಆದರೆ ಸರಿಯಿದ್ದ ದನಿಯೊಂದರ ಬಾಯಿಯನ್ನು ನಾನು ಒಂದೇ ಮಾತಿನಲ್ಲಿ ಮುಚ್ಚಿಸಿದ್ದೆ, ಮೇಲೆ ಅದಕ್ಕೆ ಸ್ಪೀಕರ್ ಕೊಡಿಸಿ ಉಪಕಾರ ಮಾಡಲು ಹೊರಟಿದ್ದೆ. ಅವಳು ಚಪಾತಿಗೆ ಹಿಟ್ಟು ನಾದಲು ಕೂತಳು.

ಮುಂದಿನ ವಾರ ಮಗಳು ಬಂದಳು. ತಾಯಿ ಮಗಳು ಇಬ್ಬರೇ ಹೋಗಿ ಎಂಟು ಇಂಚಿನ ಸ್ಪೀಕರ್ ತಂದರು. ಯಾವ ತಿರುಗಣಿಯನ್ನೂ ಏರಿಸಿರಲಿಲ್ಲ, ಎಲ್ಲವೂ ನಡುವೆಯೇ ಇದ್ದವು. ಹೆಂಡತಿ ಪೇಟಿ ಇಳಿಸಿ ಒರೆಸಿದಳು. ಅಂದು ಸಂಜೆ ಮಗಳು ಎರಡು ಕರೋಕೆ ಹಾಡು ಹಾಡಿದ ಮೇಲೆ ಇವಳು ಮೈಕಿನ ಮುಂದೆ ಕೂತು ಒಂದು ತತ್ವಪದ ಹಿಡಿದಳು. ಪಕ್ಕದ ಮನೆಯವರು ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲಲ್ಲಿ ನಿಂತರು. ಮಗಳು ಕಣ್ಣಿಗೆ ಸೆರಗು ಹಚ್ಚಿಕೊಂಡಳು. ನನಗೆ ಕೇಳಿದ್ದು ಅದೇ ಮಬ್ಬು ದನಿ. ಆದರೂ ಪದ ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ನಾನೇ ಬಾಯಿ ತೆರೆದೆ. ಬಹಳ ಛಲೋ ಬಂತು, ಮೊದಲಿನ ಹಾಗೇ ಇದೆ ಎಂದೆ.

"ನಿಮಗ ಹೆಂಗ ಗೊತ್ತಾತರಿ?" ಅಂದಳು.

ಅದರಲ್ಲಿ ಚುಚ್ಚುಮಾತು ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು. ನಾನು ಹೊಸ್ತಿಲಲ್ಲಿ ನಿಂತವರ ಕಡೆ, ಮಗಳ ಒದ್ದೆ ಕಣ್ಣಿನ ಕಡೆ ನೋಡಿದೆ. ಅವಳು ಮಗಳ ಕಡೆ ತಿರುಗಿ, ಇನ್ನೊಂದು ಯಾವುದು ಹಾಡಲಿ ಎಂದು ಕೇಳಿದಳು.