ದೊರೆಸಾನಿಯ ಸ್ನಾನದ ನೀರು

ನಮ್ಮೂರಿನ ನೀರಿನ ಕಷ್ಟ ಕಳೆಯಲು ಹೊರದೇಶದಿಂದ ಒಬ್ಬ ಹುಡುಗಿ ಬಂದಳು. ಅವಳು ಬಂದ ದಿನದಿಂದ ನಾನು ದಿನಕ್ಕೆ ಎರಡು ಕೊಡ ನೀರು ಹೆಚ್ಚು ಹೊರಬೇಕಾಯಿತು. ಈಗ ಇದನ್ನು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆಗ ನನಗೆ ನಗುವಷ್ಟು ತ್ರಾಣ ಇರಲಿಲ್ಲ.

ನನ್ನ ತವರು ದೊಡ್ಡಮಳೂರು. ಅಲ್ಲಿ ಹಿತ್ತಿಲಲ್ಲೇ ಬಾವಿ, ಹಗ್ಗ ಬಿಟ್ಟರೆ ನೀರು. ಮದುವೆಯಾಗಿ ಸೇರಿದ್ದು ಮಾಗಡಿ ಕಡೆಯ ಒಂದು ಬೆಟ್ಟದ ಊರಿಗೆ. ಸುತ್ತ ಎತ್ತ ನೋಡಿದರೂ ಬೋಳು ಬಂಡೆ. ಬಿದ್ದ ಮಳೆಯೆಲ್ಲ ಬಂಡೆಯ ಮೇಲೆ ಜಾರಿ ಕೆಳಗಿನ ಕೆರೆ ಸೇರುತ್ತಿತ್ತೇ ಹೊರತು ನಮ್ಮ ಪಾಲಿಗೆ ಒಂದು ಹನಿ ನಿಲ್ಲುತ್ತಿರಲಿಲ್ಲ. ಕುಡಿಯುವ ನೀರಿಗೆ ಬೆಟ್ಟದ ಬುಡದ ಬಾವಿಗೆ ಇಳಿಯಬೇಕು. ಇಳಿಯುವುದು ಹೇಗೋ ಆಗುತ್ತದೆ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಹತ್ತುವಾಗ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ವರ್ಷ ಆ ದಾರಿಯಲ್ಲೇ ಕಾಲು ಜಾರಿ ಬಿದ್ದು ನನ್ನ ಹೊಟ್ಟೆಯಲ್ಲಿದ್ದ ಕೂಸು ಹೋಗಿತ್ತು. ಅವಳು ಬರುವ ಹೊತ್ತಿಗೆ ಮತ್ತೆ ಮೂರು ತಿಂಗಳು. ಈ ಸಲವಾದರೂ ಉಳಿಯಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಅದು ಹೊರದೇಶದ ಹುಡುಗ ಹುಡುಗಿಯರು ಸ್ವಯಂಸೇವಕರೆಂದು ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ಕಾಲ. ಸಾತನೂರಿನ ಕಡೆ ಒಬ್ಬ ಕೋಳಿ ಸಾಕುವುದನ್ನು ಹೇಳಿಕೊಡುತ್ತಿದ್ದಾನಂತೆ ಎಂದು ಸಂತೆಗೆ ಹೋದವರು ಸುದ್ದಿ ತಂದಿದ್ದರು. ನಮ್ಮ ಪಾಲಿಗೆ ಬಂದವಳು ಇವಳು. ಬಿಳಿಯವಳೆಂದು ಊರೆಲ್ಲ ಅವಳನ್ನು ದೊರೆಸಾನಿ ಎಂದೇ ಕರೆಯಿತು. ಊರಿನ ಮೇಲೆ ಬಂಡೆಯಲ್ಲಿ ಒಂದು ತಗ್ಗಿತ್ತು. ಅದಕ್ಕೆ ಅಡ್ಡಲಾಗಿ ಗೋಡೆ ಕಟ್ಟಿ ಮಳೆನೀರು ನಿಲ್ಲಿಸಿ, ಪೈಪಿನಲ್ಲಿ ಊರೊಳಗಿನ ತೊಟ್ಟಿಗೆ ಇಳಿಸಬೇಕೆಂದು ಅವಳ ಯೋಜನೆ. ಮಳೆಗಾಲಕ್ಕೆ ಮುಂಚೆ ಮುಗಿಯಬೇಕು. ಆ ಮಾತು ಕೇಳಿದ ದಿನ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಿಂಗಳು ಎಣಿಸಿದೆ. ಊರಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ ಹೆಂಗಸು ನಾನೊಬ್ಬಳೇ ಎಂದು ಅವಳನ್ನು ನಮ್ಮ ಮನೆಯಲ್ಲೇ ಇಳಿಸಿದರು. ನಮ್ಮವರಿಗೆ ರಾಮನಗರದಲ್ಲಿ ರೇಷ್ಮೆ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿದ್ದದ್ದು ಅತ್ತೆ ಮತ್ತು ನಾನು. ನನ್ನ ಇಂಗ್ಲಿಷೇನೂ ಬೇಕಾಗಲಿಲ್ಲ. ಅವಳೇ ಪುಸ್ತಕದ ಕನ್ನಡ ಕಲಿತು ಬಂದಿದ್ದಳು.

ನಮ್ಮೂರವರಿಗೆ ಬಂದವರನ್ನು ಕೂರಿಸುವುದು ಗೊತ್ತು, ದುಡಿಸುವುದು ಗೊತ್ತಿಲ್ಲ. ಅವಳು ಹಾರೆ ಹಿಡಿದರೆ ನಾಲ್ಕು ಜನ ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು. ಅವಳು ಬಂಡೆ ಹತ್ತಿದರೆ ಕೆಲಸ ಮಾಡುತ್ತಿದ್ದವರೂ ಕೆಲಸ ನಿಲ್ಲಿಸಿ ಚಾಪೆ ಹಾಸಿ ಮಜ್ಜಿಗೆ ಕೊಡುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಊಟ. ನೆಂಟರಿಗೆ ಮುದ್ದೆ ಇಡುವಂತಿಲ್ಲ, ಅನ್ನವೇ ಆಗಬೇಕು. ಉಂಡವಳು ಎರಡು ಗಳಿಗೆ ಮಲಗಿ ಸುಧಾರಿಸಿಕೊಳ್ಳದಿದ್ದರೆ ಆ ಮನೆಯವರಿಗೆ ಬೇಜಾರು. ಗೋಡೆ ಮೊಣಕಾಲುದ್ದವೂ ಏಳಲಿಲ್ಲ. ನಮ್ಮತ್ತೆಯದು ಇದೆಲ್ಲಕ್ಕಿಂತ ಒಂದು ಕೈ ಮೇಲೆ. ದಿನಾ ಬೆಳಿಗ್ಗೆ ದೊರೆಸಾನಿಗೆ ಹಂಡೆ ತುಂಬ ಬಿಸಿನೀರು ಕಾಯಬೇಕು.

"ಯಾವ್ ದೇಸ್‌ದಿಂದ್ಲೋ ಬಂದವ್ಳೆ, ಒಸಿ ನೀರು ಉಯ್ಯಕ್ಕೂ ಗತಿಯಿಲ್ವಾ ಅಂದ್ಕಳಲ್ವಾ?" ಎನ್ನುತ್ತಿದ್ದರು ಅತ್ತೆ.

ಆ ಒಸಿ ನೀರು ಹೊರುವವಳು ನಾನು. ಅತ್ತೆ ಕೆಟ್ಟವರಲ್ಲ. ಆದರೆ ಅವರ ಕಣ್ಣಿಗೆ ಸೊಸೆಯ ತಲೆಯ ಮೇಲೆ ಕೊಡ ಇರುವುದು ಮರದ ಮೇಲೆ ಎಲೆ ಇದ್ದ ಹಾಗೆ. ಅವರೂ ಹೊತ್ತವರೇ, ಅವರ ಅತ್ತೆಯೂ ಹೊತ್ತವರೇ. ಬಿದ್ದು ಕೂಸು ಕಳೆದುಕೊಂಡಾಗಲೂ "ನೋಡ್ಕೊಂಡು ಕಾಲಿಡ್ಬಾರ್ದಾ" ಎಂದಿದ್ದರು, ಅಷ್ಟೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ನನಗೆ ಸಾಕಾಗಿಹೋಯಿತು. ಸಿಟ್ಟೂ ಅಲ್ಲ, ಬರೀ ಸುಸ್ತು. ಜಗುಲಿಯ ಮೇಲೆ ಕೂತಿದ್ದ ದೊರೆಸಾನಿಯ ಮುಂದೆ ಒಂದು ಕೊಡ ಇಟ್ಟು, "ನಡೀರಿ" ಎಂದೆ. ಅವಳು ಇದಕ್ಕೇ ಕಾಯುತ್ತಿದ್ದವಳಂತೆ ಎದ್ದು ಬಂದಳು. ಹತ್ತುವಾಗ ಅರ್ಧ ದಾರಿಯಲ್ಲಿ ಕೊಡ ಇಳಿಸಿ ಏದುಸಿರು ಬಿಡುತ್ತ ಕೂತಳು. ನಾನು ಬಿದ್ದ ಜಾಗ ಅಲ್ಲೇ ಹತ್ತಿರ. ತೋರಿಸಿದೆ. ಈಗ ಮತ್ತೆ ಐದು ತಿಂಗಳೆಂದೂ ಹೇಳಿದೆ.

"ನನ್ನ ಸ್ನಾನದ ನೀರು ಕೂಡ ನೀವೇ ತರುತ್ತೀರಾ?" ಎಂದು ಕೇಳಿದಳು.

"ಇನ್ಯಾರು ತತ್ತಾರೆ?"

ಅವಳು ಎದ್ದು ಕೊಡ ಹೊತ್ತಳು. ಮಾರನೆಯ ದಿನದಿಂದ ಬೆಟ್ಟ ಇಳಿದು ಬಾವಿಯ ಹತ್ತಿರವೇ ಸ್ನಾನ ಮುಗಿಸಿ, ಒಂದು ಕೊಡ ಹೊತ್ತುಕೊಂಡು ಬರತೊಡಗಿದಳು. ಅತ್ತೆಗೆ ತಲೆ ಎತ್ತಿ ತಿರುಗಲಾಗದ ಹಾಗಾಯಿತು. "ನೆಂಟ್ರ ಕೈಲಿ ನೀರು ಹೊರ್ಸುದ್ರು ಅಂತಾರಲ್ಲಮ್ಮಿ" ಎಂದು ನನ್ನ ಮೇಲೆ ಹರಿಹಾಯ್ದರು. ಅಕ್ಕಪಕ್ಕದ ಹೆಂಗಸರೂ ಸೇರಿದರು. ಮಗಳು ಅಂದುಕೊಂಡರಾಯಿತು ಬಿಡಿ ಎಂದಳು ಅವರಲ್ಲೊಬ್ಬಳು.

ನನಗೆ ತಡೆಯಲಾಗಲಿಲ್ಲ. "ಮಗ್ಳು ಅಂದ್ರೆ ಮತ್ತೆ ಕುಂಡ್ರಿಸ್ತೀರ. ಸೊಸೆ ಅಂದ್ಕಳಿ, ಆಗ ಎಲ್ಲಾ ಕೆಲ್ಸನೂ ಮಾಡುಸ್ಬೋದು" ಎಂದೆ.

ಹೆಂಗಸರು ನಕ್ಕರು. ಆದರೆ ಆ ಮಾತು ಊರಿಗೆ ಒಗ್ಗಿತು. ಊರಿನ ಸೊಸೆ ಎಂದಮೇಲೆ ಕಲ್ಲು ಹೊತ್ತರೆ ತಪ್ಪಿಲ್ಲ, ಮುದ್ದೆ ಉಂಡರೆ ತಪ್ಪಿಲ್ಲ. ಅವಳು ಮಂಕರಿಯಲ್ಲಿ ಕಲ್ಲು ಹೊತ್ತು ಬಂಡೆ ಹತ್ತುವುದನ್ನು ಕಂಡು ಗಂಡಸರು ನಾಚಿ ಎದ್ದರು. ಗೋಡೆ ಸೊಂಟದೆತ್ತರಕ್ಕೆ ಬಂತು. ನಾನು ಮಾತ್ರ ಮೊದಲಿನಂತೆ ಬೆಳಿಗ್ಗೆ ಸಂಜೆ ಬಾವಿಗೆ ಇಳಿಯುತ್ತಿದ್ದೆ. ಎದ್ದೇಳುವಾಗ ಮನೆಯ ಗೋಡೆ ಹಿಡಿಯಬೇಕಿತ್ತು. ರಾತ್ರಿ ಮಲಗಿದರೆ ಕಾಲು ಯಾರದೋ ಅನ್ನಿಸುತ್ತಿತ್ತು.

ಒಂದು ಸಂಜೆ ನಾವಿಬ್ಬರೂ ಬಾವಿಯಿಂದ ಒಟ್ಟಿಗೇ ಹತ್ತಿ ಬಂದೆವು. ಅವಳ ಮುಖ ಬಿಸಿಲಿಗೆ ಕೆಂಪೇರಿ ಸಿಪ್ಪೆ ಏಳುತ್ತಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವಳನ್ನು ನೋಡಿ ಅವರ ಕಣ್ಣು ತುಂಬಿ ಬಂತು.

"ಯಾರೆತ್ತ ಮಗ್ಳೋ ಏನೋ. ಅವ್ರವ್ವ ನೋಡುದ್ರೆ ಕರ್ಳು ಕಿತ್ತು ಬರಲ್ವಾ" ಎಂದು ಅವಳ ತಲೆಯ ಮೇಲಿನ ಕೊಡವನ್ನು ತಾವೇ ಇಳಿಸಿಕೊಂಡರು.

ನಾನು ಪಕ್ಕದಲ್ಲೇ ಇದ್ದೆ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು, ಹೊಟ್ಟೆಯಲ್ಲಿ ಆರು ತಿಂಗಳು.

"ನನ್ನೂ ಯಾರೋ ಹೆತ್ತವ್ರೆ ಕಣತ್ತೆ" ಎಂದೆ.

ಜೋರಾಗಿ ಹೇಳಲಿಲ್ಲ, ಜೋರು ಮಾಡುವ ಶಕ್ತಿಯೂ ಇರಲಿಲ್ಲ. ಅತ್ತೆ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಕೊಡ ಹಿಡಿದು ಒಳಗೆ ಹೋದರು. ಆ ರಾತ್ರಿ ಅತ್ತೆ ಬೇಗ ಉಂಡು ಮಲಗಿದರು. ಸೊಸೆ ಎದುರು ಮಾತಾಡಿದಳೆಂದು ಶನಿವಾರ ಮಗ ಬಂದಾಗ ಪಂಚಾಯ್ತಿ ಆಗುತ್ತದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದಾಗ ಬಾಗಿಲ ಪಕ್ಕದಲ್ಲಿ ಕೊಡಗಳಿರಲಿಲ್ಲ. ಅತ್ತೆಯೂ ಇರಲಿಲ್ಲ. ದೊರೆಸಾನಿ ಆಗಲೇ ಗೋಡೆಯ ಕೆಲಸಕ್ಕೆ ಹೋಗಿಯಾಗಿತ್ತು. ಹೊರಗೆ ಬಂದು ದಾರಿ ನೋಡಿದೆ. ಅತ್ತೆ ಒಂದೊಂದೇ ಹೆಜ್ಜೆ ಇಡುತ್ತ, ನಡುನಡುವೆ ನಿಂತು, ಬೆಟ್ಟ ಹತ್ತಿ ಬರುತ್ತಿದ್ದರು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಕುತ್ತಿಗೆ ನಡುಗುತ್ತಿತ್ತು. ನಾನು ಓಡಿ ಕೈ ಚಾಚಿದರೆ ಕೊಡಲಿಲ್ಲ. ಹಾಗೇ ಒಳಗೆ ಹೋಗಿ ಇಳಿಸಿದರು. ನನ್ನ ಮುಖ ನೋಡಲಿಲ್ಲ.

"ದೊರೆಸಾನಿಗೆ ಸ್ನಾನಕ್ಕೆ ಅಂತ ತಂದೆ ಕಣಮ್ಮಿ" ಎಂದರು.

ದೊರೆಸಾನಿ ಮನೆಯಲ್ಲಿ ಸ್ನಾನ ಮಾಡುವುದನ್ನು ಬಿಟ್ಟು ತಿಂಗಳಾಗಿತ್ತು. ಅದು ಅತ್ತೆಗೂ ಗೊತ್ತಿತ್ತು. ನಾನು ಒಲೆ ಹಚ್ಚಲು ಹೋದೆ. ಗೋಡೆ ಮುಗಿದು, ಮಳೆ ಹಿಡಿದು, ತೊಟ್ಟಿಗೆ ನೀರು ಬರುವವರೆಗೂ ಅತ್ತೆ ದಿನಾ ದೊರೆಸಾನಿಗೆ ಸ್ನಾನದ ನೀರು ತರುತ್ತಲೇ ಇದ್ದರು. ಮಗಳು ದಿನ ತುಂಬಿಯೇ ಹುಟ್ಟಿದಳು.