ಅವರ ಹೆಸರಿನ ಕಂತು

ನನ್ನ ಗಂಡ ತೀರಿಕೊಂಡ ಮೇಲೂ ಸರ್ಕಾರದ ಕಿಸಾನ್ ದುಡ್ಡು ಅವರ ಹೆಸರಿಗೇ ಬರುತ್ತಿತ್ತು. ಬ್ಯಾಂಕಿನ ಖಾತೆ ನಮ್ಮಿಬ್ಬರದು, ಜಮೀನು ಅವರದು. ಅವರು ಹೋದದ್ದು ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಸೊಪ್ಪು ನೇತುಹಾಕಿದ ಬ್ಯಾರನ್ ಮನೆಯ ಮುಂದೆ ಒಲೆಗೆ ಸೌದೆ ತಳ್ಳುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ, ಮಣ್ಣು, ತಿಥಿ ಎಲ್ಲವೂ ಯಾರದೋ ಮನೆಯಲ್ಲಿ ನಡೆದಂತೆ ನಡೆದುಹೋಯಿತು. ಬೆಂದ ಸೊಪ್ಪನ್ನು ನಾನೇ ಇಳಿಸಿದೆ, ನಾನೇ ವಿಂಗಡಿಸಿದೆ. ಬಿಟ್ಟರೆ ಕೆಡುತ್ತದಲ್ಲ.

ಆಮೇಲೊಂದು ದಿನ ಫೋನಿಗೆ ಮೆಸೇಜು ಬಂತು, ಎರಡು ಸಾವಿರ ಜಮಾ ಅಂತ. ಅವರಿದ್ದಾಗ ಪ್ರತಿ ಕಂತಿನಲ್ಲೂ ಇನ್ನೂರು ರೂಪಾಯಿ ನಮ್ಮತ್ತೆಯ ಎಲೆ, ಅಡಿಕೆ, ಕಡ್ಡಿಪುಡಿಗೆ ಕೊಡುತ್ತಿದ್ದರು. ನಾನೂ ಕೊಟ್ಟೆ.

'ಅವುಂದಾ?' ಅಂದರು ಅತ್ತೆ.

ಹೂಂ ಅಂದೆ. ಅಷ್ಟೇ ಸಾಕಾಯಿತು. ಜಗಲಿಗೆ ಬಂದವರಿಗೆಲ್ಲ ಮಗ ಹೋದರೂ ನನ್ನ ಕೈಬಿಟ್ಟಿಲ್ಲ ಅಂತ ಹೇಳಿಕೊಂಡರು. ಅತ್ತೆಗೆ ಅರಳುಮರುಳೇನೂ ಇರಲಿಲ್ಲ, ಮಗನ ಹಣೆಗೆ ಕೊನೆಯ ವಿಭೂತಿ ಹಚ್ಚಿದವರೇ ಅವರು. ಆದರೂ ಆ ಇನ್ನೂರು ಕೈಗೆ ಬಂದ ದಿನ ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು.

ಹಾಗಾಗಿ ಜಮೀನನ್ನು ನಿನ್ನ ಹೆಸರಿಗೆ ಮಾಡಿಸಿಕೋ ಎಂದು ಯಾರು ಹೇಳಿದರೂ ನಾಳೆ ಅನ್ನುತ್ತಿದ್ದೆ. ಕೊನೆಗೆ ಗ್ರಾಮದ ಅಧಿಕಾರಿ ಮನೆಗೇ ಬಂದರು. ತೀರಿಕೊಂಡವರ ಹೆಸರಿನಲ್ಲಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಆಮೇಲೆ ಬಂದ ಕಂತುಗಳನ್ನು ವಾಪಸ್ ಕಟ್ಟಬೇಕು ಎಂದರು. ಒಳ್ಳೆಯ ಮನುಷ್ಯ, ತಲೆ ತಗ್ಗಿಸಿಕೊಂಡೇ ಹೇಳಿ ಮಜ್ಜಿಗೆ ಕುಡಿದು ಹೋದರು. ಕಟ್ಟಿದೆ. ಜಮೀನೂ ನನ್ನ ಹೆಸರಿಗಾಯಿತು. ಸಂತೋಷವೂ ಇಲ್ಲ, ದುಃಖವೂ ಇಲ್ಲ, ಮೈಯೆಲ್ಲ ಜೋಮು ಹಿಡಿದಂತಿತ್ತು.

ಹೊಸದಾಗಿ ನೋಂದಾಯಿಸಲು ಕಂಪಲಾಪುರದ ಸೇವಾ ಕೇಂದ್ರಕ್ಕೆ ಹೋದೆ. ಸೊಪ್ಪಿನ ಅಂಟು ಹತ್ತಿದ ನನ್ನ ಬೆರಳಿನ ಗುರುತನ್ನು ಯಂತ್ರ ಒಪ್ಪಲಿಲ್ಲ. ಅಲ್ಲಿದ್ದ ಹುಡುಗಿ ಮುಖದ ಎದುರು ಫೋನು ಹಿಡಿದಳು.

'ಅಕ್ಕಾ, ಕಣ್ಣು ಮಿಟುಕ್ಸಿ. ಜೀವ ಇರೋರು ಅಂತ ಗೊತ್ತಾಗ್ಬೇಕು ಅದ್ಕೆ.'

ನಾನು ಬಿಟ್ಟ ಕಣ್ಣು ಬಿಟ್ಟ ಹಾಗೇ ಕೂತಿದ್ದೆನಂತೆ. ಪಾಪ, ಮತ್ತೆ ಮತ್ತೆ ಹೇಳಿದಳು. ಅಷ್ಟು ಹೊತ್ತಿಗೆ ನನಗೂ ಅನುಮಾನ ಬಂದಿತ್ತು. ಕೊನೆಗೆ ಹೇಗೋ ಮಿಟುಕಿಸಿದೆ, ಆಯಿತು ಅಂದಳು.

ತಿಂಗಳುಗಟ್ಟಲೆ ಕಾದ ಮೇಲೆ ನನ್ನ ಹೆಸರಿನ ಮೊದಲ ಕಂತು ಬಂತು. ಎಂದಿನ ಹಾಗೆ ಇನ್ನೂರು ತಂದು ಅತ್ತೆಯ ಕೈಗಿಟ್ಟೆ. ಎಂದಿನ ಹಾಗೆ ಅವರೂ ಅವನದಾ ಎಂದು ಕೇಳಿದರು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹಾಳಾದ ನಾಲಿಗೆ ಹೊರಳಲಿಲ್ಲ.

'ಇಲ್ಲ ಅತ್ತೆ. ಅವ್ರ ಹೆಸ್ರು ತೆಗ್ಸ್‌ಬುಟ್ಟೆ. ಇದು ನಂದು.'

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನೋಟನ್ನು ನನ್ನ ಅಂಗೈಗೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

'ಇಟ್ಕೊಳವ್ವ. ಗಂಡಿಲ್ದೋಳ್ ತಾವ ಈಸ್ಕೊಂಡು ನಾನು ಎಲೆ ಆಕೊಳ್ಳಾದಾ?'

ಗಂಡಿಲ್ಲದವಳು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅತ್ತೆ ಎದ್ದು ಎಲೆಚೀಲವನ್ನು ಕೊಡವಿ, ಸುತ್ತಿ, ಗೂಡಿನಲ್ಲಿಟ್ಟರು. ನಾನು ನೋಟು ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಗಂಡ ಸತ್ತದ್ದು ನನಗೆ ಗೊತ್ತಾದದ್ದು ಆಗ.