ತಲೆಕೆಳಗೆ ನೇತಾಡುವ ಲೋಳೆಸರ

ವಿಜಯನಗರದ ನಮ್ಮ ಮನೆಗೆ ನೀವು ಬಂದರೆ ಮೊದಲು ಎದುರುಗೊಳ್ಳುವವನು ನಾನಲ್ಲ, ಬಾಗಿಲ ಚೌಕಟ್ಟಿಗೆ ಕರಿದಾರದಲ್ಲಿ ತಲೆಕೆಳಗಾಗಿ ನೇತುಬಿದ್ದಿರುವ ಲೋಳೆಸರ. ನೀವು ಸ್ವಲ್ಪ ಎತ್ತರದವರಾದರೆ ಅದು ನಿಮ್ಮ ಕ್ರಾಪನ್ನೂ ಬಾಚಿ ಕಳಿಸುತ್ತದೆ. ಬೇರು ಆಕಾಶಕ್ಕೆ, ಎಲೆ ನೆಲಕ್ಕೆ; ಮಣ್ಣಿಲ್ಲ, ನೀರಿಲ್ಲ, ಗೊಬ್ಬರದ ಮಾತಂತೂ ಎತ್ತಲೇಬೇಡಿ. ಆದರೂ ಹಸಿರಾಗಿದೆ. ಇತ್ತ, ನಾನು ದುಡ್ಡು ಕೊಟ್ಟು ತಂದು, ಬೆಳಗ್ಗೆ ಎದ್ದು ಮುಖ ನೋಡಿ, ನೆರಳು ಬಿಸಿಲು ಅಳೆದು ಸಾಕಿದ ಗುಲಾಬಿ ಒಂದು ಹಬ್ಬವನ್ನೂ ಕಾಣದೆ ಕಣ್ಮುಚ್ಚಿತು. ಈ ಅನ್ಯಾಯವನ್ನು ಅಮ್ಮನ ಮುಂದಿಟ್ಟರೆ, "ಬಂದೋರ ಕಣ್ಣೇ ಅದಕ್ಕೆ ಊಟ ಕಣೋ" ಎಂದಳು. ಹಾಗಿದ್ದರೆ ನಮ್ಮ ಬೀದಿಯಷ್ಟು ಫಲವತ್ತಾದ ಭೂಮಿ ಇನ್ನೆಲ್ಲೂ ಇರಲಾರದು.

ಅಮ್ಮ ಹುಟ್ಟಿದ್ದು ಶ್ರೀಗಂಧದ ಕಾವಲಿನಲ್ಲಿ, ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ. ಹೊಲ ಹೋಯಿತು, ಕೈಯ ತುರಿಕೆ ಹೋಗಲಿಲ್ಲ. ನಮ್ಮ ತಾರಸಿಯ ಮೇಲೆ ಖಾಲಿ ಪೇಂಟ್ ಬಕೆಟ್ಟುಗಳಲ್ಲಿ ಈಗಲೂ ಲೋಳೆಸರದ ಬೇಸಾಯ ನಡೆಯುತ್ತದೆ. ಈ ಗಿಡಕ್ಕೆ ಅವಳ ಆಡಳಿತದಲ್ಲಿ ಎರಡು ಇಲಾಖೆ. ಬಕೆಟ್ಟಿನಲ್ಲಿರುವುದು ಔಷಧಿ: ಸುಟ್ಟ ಗಾಯಕ್ಕೆ, ಒಡೆದ ಹಿಮ್ಮಡಿಗೆ, ಉದುರುವ ಕೂದಲಿಗೆ. ಬಾಗಿಲಿಗೆ ಏರಿದ್ದು ದೃಷ್ಟಿಗೆ. ಸರ್ಕಾರಿ ಕಚೇರಿಯಂತೆ ಇಲ್ಲೂ ಒಂದು ಇಲಾಖೆಯ ಕಡತವನ್ನು ಇನ್ನೊಂದು ಮುಟ್ಟುವಂತಿಲ್ಲ. ಅಮಾವಾಸ್ಯೆ ಬಂತೆಂದರೆ ಬ್ಯಾಡರಹಳ್ಳಿಯಲ್ಲಿ ಹೊಸ ಮನೆ ಕಟ್ಟಿದವರು, ಮಹಾಲಕ್ಷ್ಮಿ ಲೇಔಟಿನಲ್ಲಿ ಹಳೇ ಮನೆಗೆ ಹೊಸ ಬಣ್ಣ ಹೊಡೆಸಿದವರು ಎಲ್ಲರೂ ಅಮ್ಮನನ್ನು ಹುಡುಕಿಕೊಂಡು ಬರುತ್ತಾರೆ. ಅವಳು ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಅರಿಶಿನ ಕುಂಕುಮ ಹಚ್ಚಿ, ದಾರ ಕಟ್ಟಿ ಕೊಡುತ್ತಾಳೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ದಾರ ಸಡಿಲವಾದ ದಿನ ಸ್ಟೂಲು ಹತ್ತಿ ಬಿಗಿಯಾಗಿ ಕಟ್ಟುವವನು ನಾನೇ.

ದೃಷ್ಟಿಯನ್ನು ನಂಬುವವರು ಬಾಯಿಯ ವಿಷಯದಲ್ಲಿ ಬಹಳ ಜಾಗ್ರತೆಯಾಗಿರಬೇಕು. ಹೊಗಳಿದರೆ ಕಣ್ಣು ಬೀಳುತ್ತದೆ, ಅದರಲ್ಲೂ ಪ್ರೀತಿಯವರು ಹೊಗಳಿದರೆ ಇನ್ನೂ ಬೇಗ. ಹಾಗಾಗಿ ಅಮ್ಮ ಗುಂಡಗಿರುವ ಕೂಸನ್ನು ಕಂಡರೆ "ಯಾಕೋ ಸೊರಗಿದೆ" ಎನ್ನುತ್ತಾಳೆ, ನನ್ನ ಹೆಂಡತಿ ಶೈಲಜಾಳ ಸಾರು ಎರಡು ಸಲ ಹಾಕಿಸಿಕೊಂಡು "ಹೂಂ, ನುಂಗಬಹುದು" ಎನ್ನುತ್ತಾಳೆ. ಅಮ್ಮನಿಗೆ ಇದು ಶಾಸ್ತ್ರ, ನನಗೆ ತಮಾಷೆ. ಕುಣಿಗಲ್ಲಿನಿಂದ ಸೊಸೆಯಾಗಿ ಬಂದು ಇಷ್ಟು ವರ್ಷ ಇದೇ ಸರ್ಟಿಫಿಕೇಟು ಪಡೆದ ಶೈಲಜಾಳಿಗೆ ಮಾತ್ರ ನೋವು. ಒಂದು ದಿನ ಬಟ್ಟೆ ಮಡಿಸುತ್ತಾ ಅವಳು ಕೇಳಿಯೂ ಬಿಟ್ಟಳು: "ರೀ, ಒಂದೇ ಒಂದ್ಸಲ ಚೆನ್ನಾಗಿದೆ ಅಂದ್ರೆ ನಿಮ್ಮಮ್ಮನ ಗಂಟೇನ್ರೀ ಹೋಗತ್ತೆ?" ಉತ್ತರ ಗೊತ್ತಿಲ್ಲದ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಗಿಡಕ್ಕೆ ನೀರು ಹಾಕಬೇಕೆಂದು ತಾರಸಿ ಹತ್ತಿದೆ.

ಹೋದ ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ವರ್ಷ ಬದಲಾಗುತ್ತದೆ, ಬಾಗಿಲಿಗೂ ಹೊಸದಿರಲಿ ಎಂದು ಜನ ಮುಗಿಬಿದ್ದು, ಸಂಜೆಯ ಹೊತ್ತಿಗೆ ಬಕೆಟ್ಟುಗಳಲ್ಲಿ ಉಳಿದದ್ದು ಕಿರುಬೆರಳಿನಷ್ಟು ಮರಿಗಳು ಮಾತ್ರ. ಮರುದಿನ ಬೆಳಿಗ್ಗೆ ಶೈಲಜಾ ಒಬ್ಬಟ್ಟು ಬೇಯಿಸುತ್ತಿದ್ದಳು, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಹೂ ಕಟ್ಟುತ್ತಿದ್ದಳು. ಒಬ್ಬಟ್ಟು ಮಗುಚಲು ಹೋದ ಶೈಲಜಾಳ ಅಂಗೈ ಕಾದ ಹೆಂಚಿಗೆ ಒತ್ತಿಕೊಂಡಿತು. ಅವಳು ಚೀರಿದ್ದಕ್ಕೆ ನಾನು ಓಡಿ ಬಂದು ಒಲೆ ಆರಿಸಿ, ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದೆ. ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಸುಟ್ಟ ಗಾಯದ ಮುಲಾಮೇನೋ ಇತ್ತು, ಆದರೆ ಅದರ ಆಯಸ್ಸು ಎಂದೋ ಮುಗಿದಿತ್ತು. ಹಬ್ಬದ ದಿನ ಹತ್ತಿರದ ಅಂಗಡಿಯೂ ತೆರೆದಿರಲಿಲ್ಲ. ಆಗ ನನ್ನ ಕಣ್ಣು ಮುಂಬಾಗಿಲ ಕಡೆ ಹೋಯಿತು. ಕತ್ತರಿ ತೆಗೆದುಕೊಂಡು ಹೊರಟೆ.

"ಏ, ಮುಟ್ಟಬೇಡ ಕಣೋ!" ಅಮ್ಮ ಹೂವನ್ನೆಲ್ಲ ಚೆಲ್ಲಿ ಎದ್ದಳು. "ಅದ್ರ ತುಂಬ ಬೀದಿಯೋರ ಕಣ್ಣೇ ತುಂಬ್ಕೊಂಡಿದೆ. ಅದನ್ನ ತಗೊಂಡೋಗಿ ಆ ಮಗು ಕೈಗೆ ಹಚ್ತೀಯಾ?"

ನಲವತ್ತು ದಾಟಿದ ಮಗು ನಲ್ಲಿಯ ಕೆಳಗೆ ಕೈಯಿಟ್ಟುಕೊಂಡೇ ತಿರುಗಿ ನೋಡಿತು.

"ಮತ್ತೇನಮ್ಮ ಮಾಡೋದು?"

"ಮೊದ್ಲು ಅದಕ್ಕೆ ದೃಷ್ಟಿ ತೆಗೀಬೇಕು."

ದೃಷ್ಟಿ ತೆಗೆಯುವ ಗಿಡಕ್ಕೇ ದೃಷ್ಟಿ ತೆಗೆಯುವುದು! ನಗುವ ಹೊತ್ತಲ್ಲವೆಂದು ನಾನು ತುಟಿ ಕಚ್ಚಿಕೊಂಡೆ. ಅಮ್ಮ ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು, ಮಂಡಿನೋವನ್ನೂ ಮರೆತು ಸ್ಟೂಲು ಹತ್ತಿದಳು. ಬೀಳದಂತೆ ನಾನು ಅವಳ ಕಾಲು ಹಿಡಿದುಕೊಂಡೆ. ಒದ್ದೆ ಕೈ ಮುಂದೆ ಚಾಚಿಕೊಂಡು ಶೈಲಜಾಳೂ ಬಂದು ನಿಂತಳು. ಅಮ್ಮ ನಿವಾಳಿಸತೊಡಗಿದಳು: "ನಾಯಿ ಕಣ್ಣು, ನರಿ ಕಣ್ಣು, ಹಾದಿ ಕಣ್ಣು, ಬೀದಿ ಕಣ್ಣು, ಎದುರುಮನೆ ಕಣ್ಣು, ಮೇಲ್ಗಡೆ ಬಾಡಿಗೆಯೋರ ಕಣ್ಣು..." ಬೀದಿ ಮುಗಿಯಿತು, ನೆಂಟರು ಮುಗಿದರು. ಕೈ ಒಂದು ಕ್ಷಣ ನಿಂತಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅತ್ತೆ ಕಣ್ಣು" ಎಂದಳು.

"ಏನಂದ್ರಿ ಅತ್ತೆ?" ಶೈಲಜಾ ಕೇಳಿದಳು.

ಅಮ್ಮ ದಪ್ಪನೆಯ ಎಲೆಯೊಂದನ್ನು ಕತ್ತರಿಸಿ ಇಳಿದಳು. ಹಳದಿ ಹಾಲು ಸೋರಿಹೋಗುವಂತೆ ತೊಳೆದು, ಸಿಪ್ಪೆ ಬಿಡಿಸಿ, ತಣ್ಣನೆಯ ಲೋಳೆಯನ್ನು ಸೊಸೆಯ ಅಂಗೈಗೆ ಹಚ್ಚುತ್ತಾ, ತಲೆ ಎತ್ತದೆಯೇ ಹೇಳಿದಳು: "ಬೆಳಿಗ್ಗೆಯಿಂದ ನೋಡ್ತಾನೇ ಕೂತಿದ್ನಲ್ಲಮ್ಮ. ಒಂದ್ ಒಬ್ಬಟ್ಟೂ ಹರೀದಂಗೆ ಅದೆಷ್ಟು ತೆಳ್ಳಗೆ ತಟ್ತಾಳೆ ಇವ್ಳು, ನನ್ ಕೈಲಿ ಯಾವತ್ತೂ ಹಿಂಗ್ ಬರ್ಲಿಲ್ವಲ್ಲ ಅಂತ. ನಂದೇ ಬಿತ್ತು ಕಣ್ಣು."

ಕೈ ಸುಟ್ಟಾಗಲೂ ಅಳದ ಶೈಲಜಾ ಆಗ ಅತ್ತಳು. ಇಷ್ಟು ವರ್ಷ ಅಮ್ಮ ಇವಳನ್ನು ಹೊಗಳದೆ ಉಳಿಸಿದ್ದು ಎಷ್ಟು ಎಚ್ಚರಿಕೆಯಿಂದ ಎಂಬುದು, ಶಾಸ್ತ್ರವನ್ನು ನಂಬದ ನನಗೂ ಅರ್ಥವಾಯಿತು.

"ಉರಿ ಜಾಸ್ತಿಯಾಯ್ತೇನೇ?" ಅಮ್ಮ ಗಾಬರಿಯಿಂದ ಇನ್ನಷ್ಟು ಲೋಳೆ ಮೆತ್ತಿದಳು.

"ಇಲ್ಲ ಅತ್ತೆ. ಇನ್ನೊಂದ್ಸಲ ಹೇಳಿ."

"ಸುಮ್ನಿರೇ!" ಅಮ್ಮ ಗದರಿದಳು. "ಮನಸ್ಸಲ್ಲಿ ಅಂದ್ಕೊಂಡಿದ್ದಕ್ಕೇ ಒಂದ್ ಕೈ ಹಿಂಗಾಯ್ತು. ಬಾಯ್ಬಿಟ್ಟು ಹೇಳ್ತಾ ಕೂತ್ರೆ ಇನ್ನೊಂದ್ ಕೈ ಉಳಿಯತ್ತಾ?"